ಡ್ಯಾನ್ ಕಾರ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ರಗ್ಬಿ ಅಂತ ಬಾಯಿ ಬಿಟ್ಟರೆ ಸಾಕು, ಸ್ನೇಹಿತರು ಕೇಳುವ ಮೊದಲ ಮಾತು ಒಂದೇ: "ಆ ಮೊಟ್ಟೆ ಥರದ ಚೆಂಡು ಹಿಡ್ಕೊಂಡು ಓಡ್ತಾರಲ್ಲ, ಅದಾ?" ಹೌದು, ಅದೇ. ಸ್ವಲ್ಪ ಹೊತ್ತಿಗೆ ಮಾತು ಡ್ಯಾನ್ ಕಾರ್ಟರ್ ಹತ್ತಿರ ಬರುತ್ತದೆ. ಬರದಿದ್ದರೆ ನಾನೇ ಎಳೆದು ತರುತ್ತೇನೆ. ಆಮೇಲೆ ಬರುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ, ಇಲ್ಲಿ ಬರೆದಿಟ್ಟಿದ್ದೇನೆ.

ಡ್ಯಾನ್ ಕಾರ್ಟರ್ ಅಂದ್ರೆ ಯಾರು? ಎರಡು ಸಾಲಲ್ಲಿ ಹೇಳಿ.

ನ್ಯೂಜಿಲೆಂಡ್‌ನ ಮಾಜಿ ರಗ್ಬಿ ಯೂನಿಯನ್ (15 ಜನರ ರಗ್ಬಿ) ಆಟಗಾರ. 1982ರ ಮಾರ್ಚ್ 5ರಂದು ಹುಟ್ಟಿದವರು. ಆಲ್ ಬ್ಲ್ಯಾಕ್ಸ್ ಅನ್ನುವ ಹೆಸರಿನ ರಾಷ್ಟ್ರೀಯ ತಂಡಕ್ಕೆ 2003ರಿಂದ 2015ರವರೆಗೆ 112 ಟೆಸ್ಟ್ ಆಡಿ 1598 ಅಂಕ ಗಳಿಸಿದರು. ಅದು ವಿಶ್ವದಾಖಲೆ. 2005, 2012 ಮತ್ತು 2015ರಲ್ಲಿ ವಿಶ್ವದ ವರ್ಷದ ಆಟಗಾರ. 2021ರ ಫೆಬ್ರುವರಿಯಲ್ಲಿ ನಿವೃತ್ತಿ.

ಎರಡು ಸಾಲು ದಾಟಿತು, ಇರಲಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರಗ್ಬಿಯಲ್ಲಿ ಟೆಸ್ಟ್ ಅಂದರೆ ಐದು ದಿನದ ಆಟ ಅಲ್ಲ. ಎರಡು ದೇಶಗಳು ಆಡುವ ಪಂದ್ಯಕ್ಕೆ ಆ ಹೆಸರು, ಅಷ್ಟೇ. 80 ನಿಮಿಷಕ್ಕೆ ಮುಗಿಯುತ್ತದೆ.

ನನಗೆ ರಗ್ಬಿ ಒಂದಿಷ್ಟೂ ಗೊತ್ತಿಲ್ಲ. ಮುಂದೆ ಓದಿದರೆ ಅರ್ಥ ಆಗುತ್ತಾ?

ಆಗುತ್ತದೆ. ಕಬಡ್ಡಿ ನೋಡಿದ್ದೀರಲ್ವಾ? ಎದುರಾಳಿಯನ್ನು ಹಿಡಿದು ಕೆಡವುವ ಖುಷಿ ಇಲ್ಲೂ ಇದೆ. ಒಂದೊಂದು ಕಡೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಲ್ಲಿ ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಾಸ್ ಏನಿದ್ದರೂ ಪಕ್ಕಕ್ಕೆ ಅಥವಾ ಹಿಂದಕ್ಕೆ.

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ಟ್ರೈ, 5 ಅಂಕ. ಟ್ರೈ ಆದ ಮೇಲೆ ಚೆಂಡನ್ನು ನೆಲದ ಮೇಲಿಟ್ಟು ಕಂಬಗಳ ನಡುವೆ ಒದ್ದರೆ ಇನ್ನೂ 2. ಇದು ಕನ್ವರ್ಷನ್. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದ ಕ್ಷಣ ಕಂಬಗಳ ನಡುವೆ ಒದ್ದರೆ ಅದಕ್ಕೂ 3. ಅದು ಡ್ರಾಪ್ ಗೋಲ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಟರ್ 10ನೇ ನಂಬರ್ ಆಟಗಾರ. ಜಗತ್ತು ಆ ಜಾಗಕ್ಕೆ ಫ್ಲೈ ಹಾಫ್ ಅನ್ನುತ್ತದೆ, ನ್ಯೂಜಿಲೆಂಡಿನವರು ಫಸ್ಟ್ ಫೈವ್ ಅನ್ನುತ್ತಾರೆ. ಚೆಂಡು ಈತನ ಕೈಗೆ ಬಂದ ಮೇಲೆಯೇ ಮುಂದೇನು ಅನ್ನುವುದು ತೀರ್ಮಾನ ಆಗುವುದು. ಓಡಬೇಕಾ, ಪಾಸ್ ಮಾಡಬೇಕಾ, ಒದೆಯಬೇಕಾ? ಅದನ್ನು ಯೋಚಿಸುವಷ್ಟರಲ್ಲಿ ನೂರು ಕಿಲೋ ದಾಟಿದ ಒಬ್ಬ ಆಸಾಮಿ ಮೈಮೇಲೆ ಬಂದು ಬಿದ್ದಿರುತ್ತಾನೆ.

ಅವರ ಊರು ಯಾವುದು? ಆಟ ಕಲಿತದ್ದು ಎಲ್ಲಿ?

ದಕ್ಷಿಣ ದ್ವೀಪದ ಕ್ಯಾಂಟರ್ಬರಿ ಸೀಮೆಯಲ್ಲಿ ಸೌತ್‌ಬ್ರಿಜ್ ಅಂತ ಒಂದು ಚಿಕ್ಕ ಊರು. ಕ್ರೈಸ್ಟ್‌ಚರ್ಚ್ ನಗರದಿಂದ ನೈಋತ್ಯಕ್ಕೆ, ಸುತ್ತ ಹೊಲ ಗದ್ದೆ. ಮಗನಿಗೆ 8 ವರ್ಷ ತುಂಬಿದಾಗ ಅಪ್ಪ ಮನೆ ಪಕ್ಕದ ಖಾಲಿ ಜಾಗದಲ್ಲಿ ಗೋಲ್ ಕಂಬ ನೆಟ್ಟುಕೊಟ್ಟರು. ಹುಟ್ಟುಹಬ್ಬದ ಉಡುಗೊರೆ ಅದು.

ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ವಿಷಯ ಇದು. ಯಾಕೆ ಅಂದ್ರೆ, ಪಾಸ್ ಮಾಡೋದು ಕಲಿಯಲು ಇನ್ನೊಬ್ಬ ಬೇಕು. ಹಿಡಿದು ಕೆಡವೋದು ಕಲಿಯಲೂ ಇನ್ನೊಬ್ಬ ಬೇಕು. ಕಂಬಕ್ಕೆ ಗುರಿಯಿಟ್ಟು ಒದೆಯಲು ಯಾರೂ ಬೇಡ. ಚೆಂಡಿಡು, ಹಿಂದೆ ಹೋಗು, ಓಡಿ ಬಂದು ಒದಿ, ಹೋಗಿ ಎತ್ತಿಕೊಂಡು ಬಾ. ಕತ್ತಲಾಗಿ ಅಮ್ಮ ಕರೆಯುವವರೆಗೂ ಒಬ್ಬನೇ ಆಡಬಹುದು. ನಮ್ಮ ಹುಡುಗರು ಗೋಡೆಗೆ ಟೆನಿಸ್ ಬಾಲ್ ಎಸೆದು ಬ್ಯಾಟಿಂಗ್ ಮಾಡ್ತಾರಲ್ಲ, ಹಾಗೆ. ಎಡಗಾಲಿನ ಹುಡುಗ. ಓದಿನ ಕೊನೆಗೆ ಕ್ರೈಸ್ಟ್‌ಚರ್ಚ್ ಬಾಯ್ಸ್ ಹೈಸ್ಕೂಲ್ ಸೇರಿದರು. ಅಲ್ಲಿಂದ ಕ್ಯಾಂಟರ್ಬರಿ ತಂಡ, ಆಮೇಲೆ 2003ರಲ್ಲಿ ಕ್ರೈಸ್ಟ್‌ಚರ್ಚ್‌ನ ಕ್ರುಸೇಡರ್ಸ್ ತಂಡ.

ದೇಶದ ತಂಡಕ್ಕೆ ಬಂದದ್ದು ಯಾವಾಗ?

2003ರ ಜೂನ್ 21, ಹ್ಯಾಮಿಲ್ಟನ್, ವೇಲ್ಸ್ ವಿರುದ್ಧ. ವಯಸ್ಸು 21. ಮೊದಲ ಪಂದ್ಯದಲ್ಲೇ 20 ಅಂಕ. ಆಗ ಆಡಿದ್ದು 10ರಲ್ಲಿ ಅಲ್ಲ, 12ರಲ್ಲಿ. 10ರ ಜಾಗ ಕಾರ್ಲೋಸ್ ಸ್ಪೆನ್ಸರ್ ಕೈಯಲ್ಲಿತ್ತು.

2005ರ ಲಯನ್ಸ್ ಪಂದ್ಯದ ಬಗ್ಗೆ ಎಲ್ಲರೂ ಹೇಳ್ತಾರೆ. ಅದರಲ್ಲಿ ಅಂಥದ್ದೇನಿದೆ?

ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಅಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಕಡೆಯ ಆಟಗಾರರನ್ನು ಆರಿಸಿ ಕಟ್ಟುವ ತಂಡ. ನ್ಯೂಜಿಲೆಂಡ್‌ಗೆ ಅದು ಬರುವುದು 12 ವರ್ಷಕ್ಕೊಮ್ಮೆ. ಅಂದರೆ ಒಬ್ಬ ಆಟಗಾರನ ಇಡೀ ಬಾಳಿನಲ್ಲಿ ಒಂದೇ ಸಲ. ಸುಮಾರು ನಮ್ಮ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಲೆಕ್ಕ.

ಜುಲೈ 2, ವೆಲ್ಲಿಂಗ್ಟನ್, ಎರಡನೇ ಟೆಸ್ಟ್. ಆಲ್ ಬ್ಲ್ಯಾಕ್ಸ್ 48, ಲಯನ್ಸ್ 18. ಆ 48ರಲ್ಲಿ 33 ಕಾರ್ಟರ್ ಒಬ್ಬರದ್ದೇ. ಎರಡು ಟ್ರೈ, ನಾಲ್ಕು ಕನ್ವರ್ಷನ್, ಐದು ಪೆನಾಲ್ಟಿ. ಒಂದು ಟ್ರೈ ಹೀಗಿತ್ತು: ಎಡಗಡೆ ಗೆರೆ ಪಕ್ಕದಲ್ಲೇ ಓಡುತ್ತಾ ಚೆಂಡನ್ನು ಕಾಲಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳಿ, ಅದರ ಹಿಂದೆ ತಾನೇ ಓಡಿ ಹೋಗಿ ಅದರ ಮೇಲೆ ಬಿದ್ದರು. ಚೆಂಡು ಅರ್ಧ ಅಡಿ ಆಚೆ ಹೊರಳಿದ್ದರೂ ಹೊರಗೆ ಹೋಗುತ್ತಿತ್ತು. ಇಷ್ಟೆಲ್ಲ ಮಾಡಿದ ಮನುಷ್ಯ ಮೂರನೇ ಟೆಸ್ಟ್‌ನಲ್ಲಿ ಇರಲಿಲ್ಲ. ಗಾಯ. ಈ ಪದ ಇನ್ನು ಮುಂದೆ ಬರುತ್ತಲೇ ಇರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

1598 ಅಂಕ ಹೇಗೆ ಬಂತು? ಎಲ್ಲಾ ಬರೀ ಒದ್ದೇ ಗಳಿಸಿದ್ದಾ?

ಹೆಚ್ಚಿನದು ಹೌದು. ಲೆಕ್ಕ ಹಾಕಿ ನೋಡಿ. ಟ್ರೈ 29, ಅಂದರೆ 145 ಅಂಕ. ಕನ್ವರ್ಷನ್ 293, ಅಂದರೆ 586. ಪೆನಾಲ್ಟಿ 281, ಅದು 843. ಡ್ರಾಪ್ ಗೋಲ್ ಬರೀ 8, ಅದರಿಂದ 24. ಕೂಡಿದರೆ 1598. ಇಂಗ್ಲೆಂಡ್‌ನ ಜಾನಿ ವಿಲ್ಕಿನ್ಸನ್ ತಮ್ಮ ದೇಶಕ್ಕೂ ಲಯನ್ಸ್‌ಗೂ ಸೇರಿ ಗಳಿಸಿದ್ದು 1246. ಸ್ವಲ್ಪ ಕಾಲ ಈ ದಾಖಲೆ ಇವರಿಬ್ಬರ ನಡುವೆ ಅತ್ತಿತ್ತ ಓಡಾಡಿತು. 2011ರಲ್ಲಿ ಕಾರ್ಟರ್ ಕೈಗೆ ಬಂದದ್ದು ಮತ್ತೆ ಹೋಗಲಿಲ್ಲ.

293 ಕನ್ವರ್ಷನ್ ಅನ್ನುವ ಸಂಖ್ಯೆಯಲ್ಲಿ ಇನ್ನೊಂದು ವಿಷಯ ಅಡಗಿದೆ. ಟ್ರೈ ಆಗದೆ ಕನ್ವರ್ಷನ್ ಸಿಗುವುದಿಲ್ಲ. ಅಂದರೆ ಅಷ್ಟು ಟ್ರೈ ಹಾಕುವ ತಂಡ ಜೊತೆಗಿತ್ತು. ಆ ಟ್ರೈಗಳಲ್ಲಿ ಎಷ್ಟೋ ಇವರದೇ ಪಾಸ್‌ನಿಂದ ಶುರುವಾದವು. ಅವು ಯಾವ ಅಂಕಪಟ್ಟಿಯಲ್ಲೂ ಇವರ ಹೆಸರಿನ ಮುಂದೆ ಬರುವುದಿಲ್ಲ. 1598 ದೊಡ್ಡ ಸಂಖ್ಯೆ ನಿಜ. ಆದರೆ ನನ್ನ ಪ್ರಕಾರ ಇವರ ಆಟದ ಸೊಗಸು ಇರೋದು ಅದರ ಹೊರಗೆ.

ನಾಲ್ಕು ವಿಶ್ವಕಪ್ ಆಡಿದರಲ್ಲ, ಎರಡು ಗೆದ್ದರಲ್ಲ. ಮತ್ತೆ "ಪಾಪ" ಅಂತ ಯಾಕೆ ಹೇಳ್ತಾರೆ?

ಮೊದಲ ಮೂರು ವಿಶ್ವಕಪ್‌ಗಳ ಕಥೆ ಕೇಳಿದರೆ ನೀವೂ ಹಾಗೇ ಅನ್ನುತ್ತೀರಿ.

2003ರಲ್ಲಿ ಚಿಕ್ಕ ಹುಡುಗ. ಸೆಮಿಫೈನಲ್‌ನಲ್ಲಿ ತಂಡ ಆಸ್ಟ್ರೇಲಿಯಾಕ್ಕೆ 22–10ರಲ್ಲಿ ಸೋತಿತು.

2007ರಲ್ಲಿ ಎಲ್ಲರೂ ನ್ಯೂಜಿಲೆಂಡೇ ಗೆಲ್ಲುತ್ತದೆ ಅಂದುಕೊಂಡಿದ್ದರು. ಕಾರ್ಡಿಫ್‌ನಲ್ಲಿ ಫ್ರಾನ್ಸ್ ವಿರುದ್ಧ ಕ್ವಾರ್ಟರ್ ಫೈನಲ್. ಕಾರ್ಟರ್ ಮೀನಖಂಡದ ನೋವಿನಿಂದ ಎರಡನೇ ಅರ್ಧದಲ್ಲಿ ಹೊರಗೆ ಬಂದರು. ಕೊನೆಯ ನಿಮಿಷಗಳಲ್ಲಿ ಒಂದು ಡ್ರಾಪ್ ಗೋಲ್ ಬಿದ್ದಿದ್ದರೆ ಸಾಕಿತ್ತು. ಅದನ್ನು ಹೊಡೆಯಬೇಕಾದವರು ಬೆಂಚಿನ ಮೇಲೆ ಕೂತಿದ್ದರು. 20–18, ಫ್ರಾನ್ಸ್ ಗೆದ್ದಿತು.

2011. ವಿಶ್ವಕಪ್ ನಡೆದದ್ದೇ ನ್ಯೂಜಿಲೆಂಡ್‌ನಲ್ಲಿ. ಅದೇ ವರ್ಷ ಫೆಬ್ರುವರಿ 22ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆಗಿ 185 ಜನ ತೀರಿಕೊಂಡಿದ್ದರು. ಊರಿನ ಕ್ರೀಡಾಂಗಣ ಹಾಳಾಗಿತ್ತು. ಅಲ್ಲಿ ನಡೆಯಬೇಕಿದ್ದ ವಿಶ್ವಕಪ್ ಪಂದ್ಯಗಳನ್ನೂ ಬೇರೆಡೆಗೆ ಸಾಗಿಸಿದ್ದರು. ಕ್ರುಸೇಡರ್ಸ್ ಆ ಇಡೀ ವರ್ಷ ಊರೂರು ಸುತ್ತಿ ಆಡಿತ್ತು. ಅಂಥ ವರ್ಷದಲ್ಲಿ, ಕೆನಡಾ ವಿರುದ್ಧದ ಪಂದ್ಯಕ್ಕೆ ನಾಯಕ ರಿಚಿ ಮೆಕಾವ್ ಇರಲಿಲ್ಲ. ಕಾರ್ಟರ್ ಮೊದಲ ಸಲ ದೇಶದ ತಂಡಕ್ಕೆ ನಾಯಕರಾಗಬೇಕಿತ್ತು. ಪಂದ್ಯದ ಹಿಂದಿನ ದಿನ, ಅಕ್ಟೋಬರ್ 1, ವೆಲ್ಲಿಂಗ್ಟನ್‌ನಲ್ಲಿ ಅಭ್ಯಾಸ. ಮುಗಿಸುವ ಮುಂಚೆ ಕಂಬಕ್ಕೆ ನಾಲ್ಕು ಚೆಂಡು ಒದೆಯೋಣ ಅಂತ ನಿಂತರು. ಯಾರೂ ಮೈಮೇಲೆ ಬೀಳಲಿಲ್ಲ, ಯಾರೂ ಮುಟ್ಟಲಿಲ್ಲ. ಎಂಟು ವರ್ಷದವರಿದ್ದಾಗಿನಿಂದ ಮಾಡಿಕೊಂಡು ಬಂದ ಅದೇ ಒದೆತ. ತೊಡೆಸಂದಿನ ಸ್ನಾಯು ಕಿತ್ತುಬಂತು. ಅಲ್ಲೇ ನೆಲಕ್ಕೆ ಬಿದ್ದರು. ವಿಶ್ವಕಪ್ ಮುಗಿಯಿತು.

ಮುಂದಿನದು ಸಿನಿಮಾ ಥರ ಇದೆ. ಇವರ ಬದಲು ಬಂದ ಕಾಲಿನ್ ಸ್ಲೇಡ್‌ಗೆ ಕ್ವಾರ್ಟರ್ ಫೈನಲ್‌ನಲ್ಲಿ ಗಾಯ. ಆಮೇಲೆ ಬಂದ ಆರನ್ ಕ್ರೂಡನ್‌ಗೆ ಫೈನಲ್‌ನಲ್ಲಿ ಗಾಯ. ನಾಲ್ಕನೆಯವರಾಗಿ ಬಂದದ್ದು ಸ್ಟೀಫನ್ ಡೊನಾಲ್ಡ್. ಕರೆ ಬಂದಾಗ ಆತ ವೈಕಾಟೊ ನದಿಯಲ್ಲಿ ಮೀನು ಹಿಡಿಯುತ್ತಿದ್ದರು. ಮೈಗೆ ಬಿಗಿಯಾದ ಒಂದು ಜೆರ್ಸಿ ಹಾಕಿಕೊಂಡು ಇಳಿದು, ಒಂದು ಪೆನಾಲ್ಟಿ ಹೊಡೆದರು. ಅದೇ ಗೆಲುವು ತಂದಿತು. ನ್ಯೂಜಿಲೆಂಡ್ 8, ಫ್ರಾನ್ಸ್ 7. ಕಾರ್ಟರ್‌ಗೂ ಪದಕ ಸಿಕ್ಕಿತು. ಆದರೆ ಫೈನಲ್ ಅನ್ನು ಅವರು ನೋಡಿದ್ದು ಸೂಟ್ ಹಾಕಿಕೊಂಡು, ಹೊರಗಿನಿಂದ.

ಆಮೇಲಾದರೂ ಗಾಯ ನಿಂತವಾ?

ಎಲ್ಲಿ ಬಂತು! 2013ರ ನವೆಂಬರ್‌ನಲ್ಲಿ ಲಂಡನ್‌ನ ಟ್ವಿಕನ್ಹ್ಯಾಮ್ ಮೈದಾನದಲ್ಲಿ 100ನೇ ಟೆಸ್ಟ್. ಅರ್ಧ ಗಂಟೆಯೂ ಆಗಿರಲಿಲ್ಲ, ಹಿಮ್ಮಡಿ ನೋವಿನಿಂದ ಕುಂಟುತ್ತಾ ಹೊರಗೆ ಬಂದರು. ಸ್ವಲ್ಪ ತಿಂಗಳು ಆಟದಿಂದ ರಜೆ ತೆಗೆದುಕೊಂಡರು. 2014ರಲ್ಲಿ ಮರಳಿ ಬಂದು ಕ್ರುಸೇಡರ್ಸ್ ಪರ ಸೂಪರ್ ರಗ್ಬಿ ಲೀಗ್‌ನ ಫೈನಲ್ ಆಡಿದರೆ ಕಾಲಿನ ಮೂಳೆ ಮುರಿಯಿತು. ಆ ಫೈನಲ್ ಕೂಡ ಒಂದೇ ಅಂಕದಿಂದ ಹೋಯಿತು, 33–32. 2015ಕ್ಕೆ ಇವರು ಬೇಕಾ ಅಂತ ನ್ಯೂಜಿಲೆಂಡ್‌ನಲ್ಲೇ ಜನ ಕೇಳುತ್ತಿದ್ದರು. ಕೇಳಿದ್ದು ತಪ್ಪೂ ಅಲ್ಲ. 33 ವರ್ಷ, ಇಷ್ಟೊಂದು ರಿಪೇರಿ ಆದ ಮೈ.

2015ರ ಫೈನಲ್‌ನಲ್ಲಿ ಏನಾಯಿತು?

ಅಕ್ಟೋಬರ್ 31, ಟ್ವಿಕನ್ಹ್ಯಾಮ್, ಎದುರಿಗೆ ಆಸ್ಟ್ರೇಲಿಯಾ. ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಮಾರನೇ ದಿನ ರಾಜ್ಯೋತ್ಸವ, ನಮ್ಮ ಬೀದಿಯಲ್ಲಿ ಹುಡುಗರು ಹಳದಿ ಕೆಂಪು ಬಾವುಟದ ಸರ ಕಟ್ಟುತ್ತಾ ಮೈಕ್ ಟೆಸ್ಟ್ ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಂದೆ. ಇಂಟರ್ನೆಟ್ ಆಗಾಗ ನಿಲ್ಲುತ್ತಿತ್ತು, ನನ್ನ ಉಸಿರೂ.

ಒಂದು ಹಂತದಲ್ಲಿ ನ್ಯೂಜಿಲೆಂಡ್ 21–3 ಮುಂದಿತ್ತು. ಆಮೇಲೆ ಒಬ್ಬ ಆಟಗಾರನಿಗೆ ಹಳದಿ ಕಾರ್ಡ್, ಹತ್ತು ನಿಮಿಷ ಹೊರಗೆ. ಆಸ್ಟ್ರೇಲಿಯಾ ಎರಡು ಟ್ರೈ ಹಾಕಿತು. 21–17. ಇನ್ನೊಂದು ಟ್ರೈ ಬಂದರೆ ಕಥೆ ಮುಗೀತು. ಸುಮಾರು 70ನೇ ನಿಮಿಷ. ಚೆಂಡು ಕಾರ್ಟರ್ ಕೈಗೆ ಬಂತು, ಕಂಬದಿಂದ ಸುಮಾರು 40 ಮೀಟರ್ ದೂರ. ಎದುರಾಳಿಗಳು ನುಗ್ಗಿ ಬರುತ್ತಿದ್ದಾರೆ. ನೆಲಕ್ಕೆ ಬಿಟ್ಟರು, ಒದ್ದರು. ಡ್ರಾಪ್ ಗೋಲ್. 2007ರಲ್ಲಿ ತಂಡಕ್ಕೆ ಬೇಕಿದ್ದು, ಸಿಗದೆ ಹೋದದ್ದು ಇದೇ ಒದೆತ. 24–17. ಐದು ನಿಮಿಷ ಬಿಟ್ಟು ಮೈದಾನದ ಅರ್ಧದ ಗೆರೆಯ ಹತ್ತಿರದಿಂದ ಒಂದು ಪೆನಾಲ್ಟಿ, 27–17. ಕೊನೆಗೆ ಬೋಡೆನ್ ಬ್ಯಾರೆಟ್ ಓಡಿ ಹಾಕಿದ ಟ್ರೈ. ಒಟ್ಟು 34–17. ಕಾರ್ಟರ್ ಅಂಕ 19. ವಿಶ್ವಕಪ್ ಅನ್ನು ಸತತ ಎರಡು ಸಲ ಗೆದ್ದ ಮೊದಲ ತಂಡ ಅದು. ಆ ಡ್ರಾಪ್ ಗೋಲ್ ಆದಾಗ ನಾನು ಕೂಗಿದ್ದಕ್ಕೆ ಕೆಳಗಿನ ಹುಡುಗರು ಏನಾಯ್ತು ಸಾರ್ ಅಂತ ತಲೆಯೆತ್ತಿ ನೋಡಿದರು.

ಕೊನೆಯ ಒದೆತ ಬಲಗಾಲಲ್ಲಿ ಹೊಡೆದರು ಅಂತಾರೆ. ನಿಜಾನಾ?

ನಿಜ. ಬ್ಯಾರೆಟ್ ಟ್ರೈ ಆದ ಮೇಲೆ ಸಿಕ್ಕ ಕನ್ವರ್ಷನ್ ಅದು. ಪಂದ್ಯ ಕೈಗೆ ಬಂದಾಗಿತ್ತು, ದೇಶಕ್ಕಾಗಿ ಒದೆಯುವ ಕೊನೆಯ ಚೆಂಡು. ಬಾಳಿಡೀ ಎಡಗಾಲಲ್ಲಿ ಒದ್ದ ಮನುಷ್ಯ ಬಲಗಾಲಿನವರ ಹಾಗೆ ಹೆಜ್ಜೆ ಅಳೆದು ನಿಂತರು, ಓಡಿ ಬಂದು ಒದ್ದರು, ಚೆಂಡು ಕಂಬದ ಮಧ್ಯೆ ಹೋಯಿತು. ನಾನು ಮೊದಲ ಸಲ ನೋಡಿದಾಗ ಗಮನಿಸಲೇ ಇಲ್ಲ! ಏನೋ ವಿಚಿತ್ರವಾಗಿದೆ ಅನಿಸಿತ್ತು ಅಷ್ಟೇ. ಮತ್ತೆ ನೋಡಿದಾಗ ಗೊತ್ತಾಯಿತು. ತಪ್ಪಿದ್ದರೆ? ದಾಖಲೆ 1596 ಆಗುತ್ತಿತ್ತು. ಅದೂ ದಾಖಲೆಯೇ.

ದೇಶದ ತಂಡ ಬಿಟ್ಟು ಬೇರೆ ಎಲ್ಲೆಲ್ಲಿ ಆಡಿದರು? ದುಡ್ಡು ಹೇಗೆ?

ರಗ್ಬಿ ಯೂನಿಯನ್‌ನಲ್ಲಿ ಆಟಗಾರರಿಗೆ ಸಂಬಳ ಕೊಡಬಹುದು ಅಂತ ಆದದ್ದೇ 1995ರಲ್ಲಿ. ಕಾರ್ಟರ್ ಆ ಹೊಸ ಕಾಲದಲ್ಲಿ ಬೆಳೆದವರು. ಆದರೆ ನ್ಯೂಜಿಲೆಂಡ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ: ದೇಶದ ತಂಡಕ್ಕೆ ಆಡಬೇಕಾದರೆ ದೇಶದೊಳಗಿನ ತಂಡದಲ್ಲೇ ಇರಬೇಕು. ಹೊರದೇಶದ ಕ್ಲಬ್‌ಗಳು ಎಷ್ಟೇ ಹಣ ಕೊಡಲಿ, ಹೋದರೆ ಕಪ್ಪು ಜೆರ್ಸಿ ಇಲ್ಲ. ಇವರಿಗೆ ನಡುವೆ ಒಂದು ಸಲ ರಜೆ ಕೊಟ್ಟರು. 2008ರ ಕೊನೆಗೆ ಫ್ರಾನ್ಸ್‌ನ ಪರ್ಪಿನ್ಯಾನ್ ಸೇರಿದರು. ಕೆಲವೇ ಪಂದ್ಯ ಆಡುವಷ್ಟರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯು ಹರಿಯಿತು. ತಮಾಷೆ ಏನಂದ್ರೆ, ಆ ಕ್ಲಬ್ 2009ರಲ್ಲಿ ಫ್ರೆಂಚ್ ಚಾಂಪಿಯನ್ ಆಯಿತು, 1955ರ ನಂತರ ಮೊದಲ ಸಲ.

2015ರ ವಿಶ್ವಕಪ್ ಆದ ಮೇಲೆ ಪ್ಯಾರಿಸ್ ಕಡೆಯ ರೇಸಿಂಗ್ 92 ಕ್ಲಬ್. ಆ ಕಾಲಕ್ಕೆ ರಗ್ಬಿಯಲ್ಲೇ ಅತಿ ದುಬಾರಿ ಒಪ್ಪಂದ ಅಂತ ಪತ್ರಿಕೆಗಳು ಬರೆದವು. 2016ರ ಫ್ರೆಂಚ್ ಲೀಗ್ ಫೈನಲ್ ನಡೆದದ್ದು ಫ್ರಾನ್ಸ್‌ನಲ್ಲಲ್ಲ, ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ. ಅತ್ತ ಫ್ರಾನ್ಸ್‌ನಲ್ಲಿ ಯೂರೋ ಫುಟ್‌ಬಾಲ್ ನಡೆಯುತ್ತಿತ್ತು, ಮೈದಾನ ಖಾಲಿ ಇರಲಿಲ್ಲ. ನೋಡಲು ಬಂದವರು 99,124 ಜನ. ರೇಸಿಂಗ್‌ನ ಒಬ್ಬ ಆಟಗಾರ 18ನೇ ನಿಮಿಷಕ್ಕೇ ಕೆಂಪು ಕಾರ್ಡ್ ತಿಂದು ಹೊರಗೆ ಹೋದ. ಉಳಿದ 14 ಜನರಲ್ಲೇ ಟೂಲೊನ್ ತಂಡವನ್ನು 29–21ರಲ್ಲಿ ಸೋಲಿಸಿದರು.

2018ರಲ್ಲಿ ಜಪಾನ್‌ನ ಕೋಬೆ. ಸೇರಿದ ಮೊದಲ ಸಲವೇ ಲೀಗ್ ಗೆದ್ದರು. ನಡುವೆ ಕತ್ತಿನ ಆಪರೇಷನ್. 2020ರಲ್ಲಿ ಆಕ್ಲೆಂಡ್‌ನ ಬ್ಲೂಸ್ ತಂಡ ಕರೆದುಕೊಂಡಿತು, ಆದರೆ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಬದಲಿಗೆ ಆ ವರ್ಷ ತಮ್ಮೂರು ಸೌತ್‌ಬ್ರಿಜ್‌ನ ಕ್ಲಬ್‌ಗೆ ಆಡಿದರು. ಊರ ಹುಡುಗರ ಜೊತೆ, ಊರ ಮೈದಾನದ ಆಟ.

ತಪ್ಪೇ ಮಾಡಿಲ್ಲವಾ? ಬರೀ ಹೊಗಳಿಕೆ ಆಯಿತು.

ಮಾಡಿದ್ದಾರೆ. 2017ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರು. ಪ್ರಾಯೋಜಕರೊಬ್ಬರು ಕೈಬಿಟ್ಟರು. ಎಲ್ಲರೆದುರು ಕ್ಷಮೆ ಕೇಳಿದರು. ಯಾರಿಗೂ ಏನೂ ಆಗಲಿಲ್ಲ ಅನ್ನೋದು ಅದೃಷ್ಟ, ಸಮರ್ಥನೆ ಅಲ್ಲ.

ಹೆಂಡತಿಯೂ ಆಟಗಾರ್ತಿ ಅಂತೆ?

ಹೌದು. ಹಾನರ್ ಕಾರ್ಟರ್ ನ್ಯೂಜಿಲೆಂಡ್ ಹಾಕಿ ತಂಡಕ್ಕೆ ಆಡಿದವರು. ಮದುವೆ 2011ರ ಕೊನೆಗೆ.

ಮೆಕಾವ್ ದೊಡ್ಡವರಾ, ಕಾರ್ಟರ್ ದೊಡ್ಡವರಾ?

ಈ ಪ್ರಶ್ನೆ ಕೇಳಿ ನನಗೂ ನನ್ನ ಷಡ್ಡಕನಿಗೂ ಜಗಳ ಹಚ್ಚಬೇಡಿ. ಮೆಕಾವ್ ಕೂಡ ಮೂರು ಸಲ ವರ್ಷದ ಆಟಗಾರ, ಎರಡು ವಿಶ್ವಕಪ್ ಗೆದ್ದ ನಾಯಕ. ಅವರ ಕೆಲಸ ರಾಶಿ ಬಿದ್ದವರ ಅಡಿಯಿಂದ ಚೆಂಡು ಕಿತ್ತು ತರುವುದು. ಕಾರ್ಟರ್ ಕೆಲಸ ಆ ಚೆಂಡಿಗೆ ಒಂದು ಗತಿ ಕಾಣಿಸುವುದು. ಒಬ್ಬರಿಲ್ಲದೆ ಇನ್ನೊಬ್ಬರು ಇಷ್ಟು ಬೆಳೆಯುತ್ತಿದ್ದರಾ? ನನಗೆ ಅನುಮಾನ. ಆದರೂ ಟಿಕೆಟ್ ಕೊಂಡು ನೋಡಲು ಒಬ್ಬರನ್ನೇ ಆರಿಸಿ ಅಂದರೆ ಕಾರ್ಟರ್.

ನಿವೃತ್ತಿ ಆದ ಮೇಲೆ ಏನು ಮಾಡ್ತಿದ್ದಾರೆ?

2022ರಲ್ಲಿ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ 24 ಗಂಟೆ ನಿಂತು ಕಂಬಕ್ಕೆ ಚೆಂಡು ಒದ್ದರು. ಎಷ್ಟು ಗೊತ್ತಾ? 1598. ಪೆಸಿಫಿಕ್ ದ್ವೀಪಗಳ ಮಕ್ಕಳಿಗಾಗಿ ಯುನಿಸೆಫ್‌ಗೆ ಹಣ ಎತ್ತಲು ಮಾಡಿದ್ದು. 40 ವರ್ಷದ ಕಾಲು, ಹಗಲು ರಾತ್ರಿ, ಚಳಿಗಾಲ. ಗಂಟೆಗೆ ಸರಾಸರಿ 66ಕ್ಕೂ ಜಾಸ್ತಿ, ಅಂದರೆ ನಿಮಿಷಕ್ಕೊಂದು ಲೆಕ್ಕ. ಬಚ್ಚಲಿಗೆ ಹೋದ ಹೊತ್ತನ್ನೂ ಸೇರಿಸಿ! 2023ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ರಗ್ಬಿ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು.

ನಮ್ಮ ಕಡೆ ಈ ಆಟ ಎಲ್ಲಿದೆ?

ನಿಧಾನವಾಗಿ ಬರುತ್ತಿದೆ. 2025ರಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಮುಂಬೈನಲ್ಲಿ ನಡೆಯಿತು. ಆರು ತಂಡಗಳಲ್ಲಿ ಒಂದು ಬೆಂಗಳೂರು ಬ್ರೇವ್‌ಹಾರ್ಟ್ಸ್. ಆದರೆ ಅದು ಏಳು ಜನರ ಚುಟುಕು ರಗ್ಬಿ, ಕಾರ್ಟರ್ ಆಡಿದ 15 ಜನರ ಆಟ ಅಲ್ಲ. ಇನ್ನೊಂದು ಸ್ವಾರಸ್ಯ ಇದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವ ಟ್ರೋಫಿಯ ಹೆಸರು ಕಲ್ಕತ್ತಾ ಕಪ್. 1870ರ ದಶಕದಲ್ಲಿ ಕಲ್ಕತ್ತಾದ ಕ್ಲಬ್ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಮೂರು ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ.

ಒಂದೇ ಒಂದು ವಿಡಿಯೋ ನೋಡ್ತೀನಿ ಅಂದ್ರೆ ಯಾವುದು?

ಬಿಡುವಿದ್ದರೆ 2005ರ ವೆಲ್ಲಿಂಗ್ಟನ್ ಟೆಸ್ಟ್ ಪೂರ್ತಿ ನೋಡಿ. ಬಿಡುವಿಲ್ಲದಿದ್ದರೆ 2015ರ ಫೈನಲ್‌ನ ಕೊನೆಯ ಹನ್ನೆರಡು ನಿಮಿಷ. ಡ್ರಾಪ್ ಗೋಲ್ ಆದ ತಕ್ಷಣ ನಿಲ್ಲಿಸಬೇಡಿ. ಬ್ಯಾರೆಟ್ ಟ್ರೈ ಆಗಲಿ, ಎಲ್ಲರೂ ತಬ್ಬಿಕೊಳ್ಳಲಿ, ಕಾಯಿರಿ. ಆಮೇಲೆ ಕಾರ್ಟರ್ ಚೆಂಡಿಟ್ಟು ಹಿಂದೆ ಸರಿಯುವಾಗ ಅವರ ಕಾಲನ್ನೇ ನೋಡುತ್ತಿರಿ.